ನವೀಕರಿಸಿದ ಕೆಲಸದ ವೀಸಾದಲ್ಲಿ ತಪ್ಪಿದ್ದರೆ ಯಾವ ಬಾಗಿಲು ತಟ್ಟಬೇಕು?

ವೀಸಾ ನವೀಕರಣವಾಗಿ ಬಂದ ದಿನ ಎಲ್ಲರ ಕಣ್ಣು ಹೋಗುವುದು ಒಂದೇ ಸಾಲಿಗೆ: ಎಲ್ಲಿಯವರೆಗೆ ಇದೆ? ಎರಡು ವರ್ಷವೋ ಮೂರು ವರ್ಷವೋ ಸಿಕ್ಕಿತೆಂದು ತಿಳಿದರೆ ಊರಿಗೆ ಫೋನು ಹೋಗುತ್ತದೆ, ಅವ್ವ ದೇವರಿಗೆ ಕಾಯಿ ಒಡೆಸುತ್ತಾಳೆ, ಕಾಗದ ಪೆಟ್ಟಿಗೆ ಸೇರುತ್ತದೆ. ಹೆಸರಿನಲ್ಲಿ ಒಂದಕ್ಷರ ಜಾರಿದೆ, ಹುಟ್ಟಿದ ವರ್ಷ ಅದಲುಬದಲಾಗಿದೆ, ಹಳೆಯ ಪಾಸ್‌ಪೋರ್ಟ್ ಸಂಖ್ಯೆಯೇ ಉಳಿದುಕೊಂಡಿದೆ ಎಂಬುದು ಗೊತ್ತಾಗುವುದು ಮುಂದೆ ಯಾವಾಗಲೋ. ರಜೆಗೆ ಹೊರಟು ವಿಮಾನ ನಿಲ್ದಾಣದ ಕೌಂಟರಿನ ಮುಂದೆ ನಿಂತಾಗ, ಬ್ಯಾಂಕು ಖಾತೆ ತಡೆಹಿಡಿದಾಗ, ಇಲ್ಲವೇ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದಾಗ. ಆ ಹೊತ್ತಿಗೆ ಸಣ್ಣ ತಪ್ಪು ದೊಡ್ಡ ಖರ್ಚಾಗಿರುತ್ತದೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಮನೆಗಳಿಂದ ಕೊಲ್ಲಿಗೆ ಹೋದ ಮೇಸ್ತ್ರಿ, ಚಾಲಕ, ಎಲೆಕ್ಟ್ರಿಷಿಯನ್‌ಗಳಿಗೂ, ಬೆಳಗಾವಿ ಹುಬ್ಬಳ್ಳಿಯಲ್ಲಿ ಓದಿ ಅಮೆರಿಕಕ್ಕೆ ಹೋದ ಎಂಜಿನಿಯರುಗಳಿಗೂ, ಇಂಗ್ಲೆಂಡಿನ ಆಸ್ಪತ್ರೆ ಸೇರಿದ ದಾದಿಯರಿಗೂ ಈ ಮಾತು ಅನ್ವಯಿಸುತ್ತದೆ. ದೇಶ ಬೇರೆ, ಕಚೇರಿ ಬೇರೆ. ಹಿಡಿಯಬೇಕಾದ ಕ್ರಮ ಮಾತ್ರ ಒಂದೇ: ತಪ್ಪು ಎಲ್ಲಿ ಹುಟ್ಟಿತು ಎಂದು ಮೊದಲು ಪತ್ತೆಹಚ್ಚಿ, ಅಲ್ಲಿಂದಲೇ ತಿದ್ದುತ್ತ ಬರಬೇಕು. ಹುಟ್ಟಿದ ಜಾಗ ಬಿಟ್ಟು ಕಂಡ ಜಾಗದಲ್ಲಿ ತಿದ್ದಿಸಿದರೆ ಮುಂದಿನ ನವೀಕರಣಕ್ಕೆ ಅದೇ ತಪ್ಪು ಮತ್ತೆ ಬರುತ್ತದೆ.

ತಪ್ಪು ಯಾರದು?

ತಪ್ಪು ಹುಟ್ಟುವುದು ಮೂರು ಕಡೆ. ಅರ್ಜಿಯಲ್ಲಿ ಎಲ್ಲ ಸರಿಯಿದ್ದು ವೀಸಾ ಕೊಡುವ ಕಚೇರಿಯವರೇ ತಪ್ಪಾಗಿ ಅಚ್ಚು ಹಾಕಿರಬಹುದು. ಸರ್ಕಾರಿ ಕಾಗದಪತ್ರ ನೋಡಿಕೊಳ್ಳುವ ಕಂಪನಿಯ ಪಿಆರ್‌ಒ, ಟೈಪಿಂಗ್ ಸೆಂಟರಿನವರು ಅಥವಾ ವಕೀಲರ ಕಚೇರಿಯವರು ಅರ್ಜಿ ತುಂಬುವಾಗಲೇ ತಪ್ಪಿರಬಹುದು. ಇಲ್ಲವೇ ಪಾಸ್‌ಪೋರ್ಟಿನಲ್ಲೇ ತಪ್ಪಿದ್ದು, ವೀಸಾದವರು ಅದನ್ನು ಇದ್ದಂತೆಯೇ ಇಳಿಸಿಕೊಂಡಿರಬಹುದು. ಮೊದಲನೆಯದಾದರೆ ಸಾಮಾನ್ಯವಾಗಿ ಶುಲ್ಕವಿಲ್ಲದೆ ತಿದ್ದಿಕೊಡುತ್ತಾರೆ. ಎರಡನೆಯದಕ್ಕೆ ಕಂಪನಿಯೇ ಮುಂದೆ ಬಂದು ಅರ್ಜಿ ಹಾಕಬೇಕು, ಶುಲ್ಕವೂ ಬೀಳಬಹುದು. ಮೂರನೆಯದಕ್ಕೆ ದಾರಿ ನಮ್ಮ ಪಾಸ್‌ಪೋರ್ಟ್ ಕಚೇರಿಯಿಂದ ಶುರುವಾಗುತ್ತದೆ.

ಇದನ್ನು ತಿಳಿಯಬೇಕಾದರೆ ಸಲ್ಲಿಸಿದ ಅರ್ಜಿಯ ಪ್ರತಿ ಕೈಯಲ್ಲಿರಬೇಕು. ಬಹಳ ಜನರ ಹತ್ತಿರ ಅದು ಇರುವುದಿಲ್ಲ. ಕಂಪನಿಯವರು ಮಾಡಿಸಿದರು, ನಾವು ಸಹಿ ಹಾಕಿದೆವು, ಅಷ್ಟೇ. ಸಹಿ ಹಾಕುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಅದೇ ಮುಂದೆ ಸಾಕ್ಷಿ. ಹೊಸ ವೀಸಾ ಅಥವಾ ಕಾರ್ಡು ಬಂದ ದಿನವೇ ಪಾಸ್‌ಪೋರ್ಟನ್ನು ಪಕ್ಕದಲ್ಲಿಟ್ಟುಕೊಂಡು ಹೆಸರು, ಅಡ್ಡಹೆಸರು, ಹುಟ್ಟಿದ ದಿನ, ಲಿಂಗ, ರಾಷ್ಟ್ರೀಯತೆ, ಪಾಸ್‌ಪೋರ್ಟ್ ಸಂಖ್ಯೆ, ವೃತ್ತಿ, ಕಂಪನಿಯ ಹೆಸರು, ಆರಂಭದ ಮತ್ತು ಕೊನೆಯ ದಿನಾಂಕಗಳನ್ನು ಅಕ್ಷರ ಅಕ್ಷರ ಬಿಡಿಸಿ ಓದಿ. ಇನ್ನೊಬ್ಬರ ಕೈಯಲ್ಲೂ ಓದಿಸಿ. ನಮ್ಮ ಹೆಸರನ್ನು ನಾವೇ ಓದುವಾಗ ಕಣ್ಣು ತಪ್ಪನ್ನು ದಾಟಿಕೊಂಡು ಹೋಗಿಬಿಡುತ್ತದೆ.

ನಮ್ಮ ಭಾಗದ ಹೆಸರು, ನಮ್ಮ ಭಾಗದ ಊರು

ಈ ನಾಲ್ಕು ತಾಲ್ಲೂಕಿನವರ ಕಾಗದಗಳಲ್ಲಿ ಕೆಲವು ತೊಡಕುಗಳು ಮತ್ತೆ ಮತ್ತೆ ಬರುತ್ತವೆ. ಇಲ್ಲಿನ ಪದ್ಧತಿಯಂತೆ ಹೆಸರು ಮೂರು ಭಾಗ: ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು. ಬಸವರಾಜ ಶಿವಪ್ಪ ಹಡಿಮನಿ ಎಂದಿಟ್ಟುಕೊಳ್ಳಿ. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಕಾಲಮ್ಮಿಗೆ ಹಡಿಮನಿ, ಸ್ವಂತ ಹೆಸರಿನ ಕಾಲಮ್ಮಿಗೆ ಬಸವರಾಜ ಶಿವಪ್ಪ ಹೋದರೆ ಚೆಂದ. ಒಬ್ಬರು ಮೂರನ್ನೂ ಒಂದೇ ಕಾಲಮ್ಮಿಗೆ ತುಂಬಿ ಅಡ್ಡಹೆಸರಿನ ಜಾಗ ಖಾಲಿ ಬಿಡುತ್ತಾರೆ. ಇನ್ನೊಬ್ಬರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವಂತೆ ಅಡ್ಡಹೆಸರನ್ನೇ ಮೊದಲು ಬರೆಸುತ್ತಾರೆ. ಮಗಳು ಮದುವೆಯಾದ ಮೇಲೆ ನಡುವಿನ ಹೆಸರು ತಂದೆಯದು ಹೋಗಿ ಗಂಡನದು ಬರುತ್ತದೆ, ಅಡ್ಡಹೆಸರೂ ಬದಲಾಗುತ್ತದೆ. ಆಧಾರ್ ಒಂದು ರೀತಿ, ಪಾಸ್‌ಪೋರ್ಟ್ ಇನ್ನೊಂದು ರೀತಿ.

ಅಡ್ಡಹೆಸರಿನ ಕಾಲಮ್ಮು ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ಇದ್ದ ಹೆಸರೆಲ್ಲ ಅಡ್ಡಹೆಸರಿನ ಜಾಗಕ್ಕೆ ಹೋಗಿ, ಸ್ವಂತ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ತಿಳಿದಿಲ್ಲ) ಎಂಬ ಮೂರಕ್ಷರ ಬೀಳುತ್ತದೆ. ಅದು ಅವರ ಪದ್ಧತಿ. ಅಲ್ಲಿ ತಕರಾರು ಮಾಡಿ ಫಲವಿಲ್ಲ, ಪಾಸ್‌ಪೋರ್ಟಿನಲ್ಲಿ ಹೆಸರು ಒಡೆಸಿಕೊಳ್ಳುವುದೇ ಪರಿಹಾರ. ಯುಎಇಯಂತೂ 2022ರ ನವೆಂಬರ್ 21ರಿಂದ ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವ ಪ್ರಯಾಣಿಕರನ್ನು ಒಳಗೆ ಬಿಡುವುದಿಲ್ಲ ಎಂದಿತು. ಆಮೇಲೆ ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ನಡೆಯುತ್ತದೆ ಎಂದೂ, ಅಲ್ಲಿನ ನಿವಾಸಿ ಕಾರ್ಡು ಇರುವವರಿಗೆ ಈ ನಿಯಮ ಇಲ್ಲವೆಂದೂ ಸ್ಪಷ್ಟಪಡಿಸಿತು.

ಊರಿನ ಹೆಸರಿನದು ಇನ್ನೊಂದು ಕಥೆ. 2014ರ ನವೆಂಬರ್ 1ರಂದು ಬೆಲ್ಗಾಂ ಅಧಿಕೃತವಾಗಿ ಬೆಳಗಾವಿಯಾಯಿತು. ಸವದತ್ತಿ ಇಂಗ್ಲಿಷಿನಲ್ಲಿ ಇವತ್ತಿಗೂ ಸೌಂದತ್ತಿ. ರಾಮದುರ್ಗದ ಕೊನೆಗೆ ಎ ಅಕ್ಷರ ಕೆಲವು ಕಡೆ ಉಂಟು, ಕೆಲವು ಕಡೆ ಇಲ್ಲ. ಕಿತ್ತೂರು ಮೊದಲು ಬೈಲಹೊಂಗಲ ತಾಲ್ಲೂಕಿನೊಳಗಿತ್ತು, ಈಗ ತಾನೇ ತಾಲ್ಲೂಕು. ಸವದತ್ತಿಯಿಂದ ಯರಗಟ್ಟಿ ಬೇರೆಯಾಯಿತು. ಮುಂಬಯಿ ಪ್ರಾಂತ್ಯದ ಕಾಲದ ಹಳೆಯ ದಾಖಲೆ ತೆಗೆದರೆ ಬೈಲಹೊಂಗಲದ ತಾಲ್ಲೂಕಿಗೆ ಸಂಪಗಾವಿ ಎಂದೂ, ಸವದತ್ತಿಯದಕ್ಕೆ ಪರಸಗಡ ಎಂದೂ ಹೆಸರಿದೆ. ಇವು ಯಾವುವೂ ತಪ್ಪುಗಳಲ್ಲ. ಪಾಸ್‌ಪೋರ್ಟಿನಲ್ಲಿ ಬೆಲ್ಗಾಂ ಎಂದಿದ್ದು ವೀಸಾದಲ್ಲೂ ಬೆಲ್ಗಾಂ ಎಂದೇ ಇದ್ದರೆ ಅದನ್ನು ಮುಟ್ಟಬೇಡಿ. ವೀಸಾಕ್ಕೆ ಪಾಸ್‌ಪೋರ್ಟೇ ಪ್ರಮಾಣ, ನಕಾಶೆಯಲ್ಲ. ಪಾಸ್‌ಪೋರ್ಟಿನಲ್ಲಿ ಸೌಂದತ್ತಿ ಎಂದಿದ್ದು, ನವೀಕರಣದ ಅರ್ಜಿಯಲ್ಲಿ ಯಾರೋ ಅಭಿಮಾನದಿಂದ ಸವದತ್ತಿ ಎಂದು ಬರೆದರೆ ಮಾತ್ರ ತೊಂದರೆ ಹುಟ್ಟುತ್ತದೆ.

ಜೂನ್ 1 ನಮ್ಮ ಕಡೆ ನೂರಾರು ಮನೆಗಳ ಹುಟ್ಟುಹಬ್ಬ. ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದ ತಾರೀಖು ಅದು. ಎಸ್ಸೆಸ್ಸೆಲ್ಸಿ, ಆಧಾರ್, ಪಾಸ್‌ಪೋರ್ಟ್, ವೀಸಾ ಎಲ್ಲದರಲ್ಲೂ ಜೂನ್ 1 ಎಂದೇ ಇದ್ದರೆ ನಿಜವಾದ ದಿನ ಬೇರೆ ಎಂಬ ಕಾರಣಕ್ಕೆ ಈಗ ಅದನ್ನು ಕೆದಕಲು ಹೋಗಬೇಡಿ ಎಂಬುದು ನನ್ನ ಸಲಹೆ. ಪಾಸ್‌ಪೋರ್ಟಿನಲ್ಲಿ ಹುಟ್ಟಿದ ದಿನ ಬದಲಿಸುವುದು ಸುಲಭವಲ್ಲ. ಬದಲಿಸಿದ ಮೇಲೆ ಹೊರದೇಶದ ದಾಖಲೆಗಳನ್ನೆಲ್ಲ ಅದಕ್ಕೆ ಹೊಂದಿಸುವುದು ಇನ್ನೂ ಕಷ್ಟ. ಆದರೆ ದಿನಾಂಕದ ಕ್ರಮದಲ್ಲಿ ಆಗುವ ತಪ್ಪನ್ನು ಬಿಡಬೇಡಿ. ನಾವು ದಿನ, ತಿಂಗಳು, ವರ್ಷ ಎಂದು ಬರೆದರೆ ಅಮೆರಿಕದವರು ತಿಂಗಳು ಮೊದಲು ಬರೆಯುತ್ತಾರೆ. 1-6 ಎಂದದ್ದು ಅಲ್ಲಿ ಜನವರಿ 6 ಆಗಿಬಿಡುತ್ತದೆ.

ಕೊಲ್ಲಿಯಲ್ಲಿ ಇದ್ದರೆ

ಕೊಲ್ಲಿಯ ಹಲವು ದೇಶಗಳಲ್ಲಿ ಪಾಸ್‌ಪೋರ್ಟಿಗೆ ನಿವಾಸಿ ವೀಸಾದ ಚೀಟಿ ಅಂಟಿಸುವುದು ನಿಂತಿದೆ. ಕುವೈತ್ 2019ರಲ್ಲಿ ನಿಲ್ಲಿಸಿತು, ಯುಎಇ 2022ರಲ್ಲಿ. ಈಗ ಕುವೈತಿನಲ್ಲಿ ಸಿವಿಲ್ ಐಡಿ, ಯುಎಇಯಲ್ಲಿ ಎಮಿರೇಟ್ಸ್ ಐಡಿ, ಸೌದಿಯಲ್ಲಿ ಇಕಾಮಾ ಇವೇ ವೀಸಾದ ಪುರಾವೆ. ಕುವೈತಿನಲ್ಲಿ ಚೀಟಿ ನಿಂತಾಗ ಕಾರ್ಡಿನ ಇಂಗ್ಲಿಷ್ ಹೆಸರು ಪಾಸ್‌ಪೋರ್ಟಿಗೆ ಹೊಂದದೆ ಅನೇಕರು ಪ್ರಯಾಣದ ವೇಳೆ ತೊಂದರೆಗೆ ಸಿಕ್ಕರು. ಆದ್ದರಿಂದ ಕಾರ್ಡಿನ ಮೇಲಿನ ಅಕ್ಷರವನ್ನು ಸಣ್ಣ ವಿಷಯ ಎನ್ನುವಂತಿಲ್ಲ.

ಅರಬ್ಬಿಯಲ್ಲಿ ಬರೆದ ಹೆಸರನ್ನೂ ಓದಬಲ್ಲವರಿಂದ ಓದಿಸಿಕೊಳ್ಳಿ. ಆ ಲಿಪಿಯಲ್ಲಿ ಪಕಾರಕ್ಕೆ ಅಕ್ಷರವಿಲ್ಲ. ಪಾಟೀಲ ಎಂಬುದು ಬಾಟೀಲ ಎಂದಾಗುವುದು ಸಹಜ, ಅದು ತಪ್ಪಲ್ಲ. ಹಿಂದಿನ ಕಾರ್ಡಿನಲ್ಲಿ ಒಂದು ರೀತಿ, ಹೊಸ ಕಾರ್ಡಿನಲ್ಲಿ ಇನ್ನೊಂದು ರೀತಿ ಬರೆದಿದ್ದರೆ ಮಾತ್ರ ಕೇಳಬೇಕು. ಬ್ಯಾಂಕು, ಕರಾರು ಪತ್ರ, ಚಾಲನಾ ಪರವಾನಗಿ ಎಲ್ಲ ಆ ಅರಬ್ಬಿ ಹೆಸರಿಗೇ ಕಟ್ಟಿಕೊಂಡಿರುತ್ತವೆ.

ಸೌದಿಯಲ್ಲಿ ಇಕಾಮಾ ನವೀಕರಿಸುವುದು ಕಂಪನಿಯ ಕೆಲಸ. ಕಂಪನಿಗೆ ಮುಖೀಮ್, ವೈಯಕ್ತಿಕವಾಗಿ ಅಬ್ಶರ್ ಎಂಬ ಸರ್ಕಾರಿ ಜಾಲತಾಣಗಳಿವೆ. ನಿಮ್ಮ ಅಬ್ಶರ್ ಖಾತೆಯನ್ನು ನೀವೇ ತೆರೆದಿಟ್ಟುಕೊಳ್ಳಿ, ಗುಪ್ತಸಂಖ್ಯೆ ಕಂಪನಿಯವರ ಕೈಗೆ ಬಿಡಬೇಡಿ. ದಾಖಲೆಯಲ್ಲಿ ಏನಿದೆ ಎಂದು ಕಣ್ಣಾರೆ ಕಾಣುವ ದಾರಿ ಅದು. ಹೊಸ ಪಾಸ್‌ಪೋರ್ಟ್ ಮಾಡಿಸಿದ ಮೇಲೆ ಅದರ ಸಂಖ್ಯೆಯನ್ನು ಅಲ್ಲಿ ಸೇರಿಸಬೇಕು, ಇಲ್ಲವಾದರೆ ಹೋಗಿಬರುವ ವೀಸಾ ಸಿಗುವುದು ಕಷ್ಟ. ವೃತ್ತಿ ತಪ್ಪಾಗಿದ್ದರೆ, ಅಂದರೆ ಎಲೆಕ್ಟ್ರಿಷಿಯನ್ ಹೋಗಿ ಸಾದಾ ಕೂಲಿ ಎಂದಾಗಿದ್ದರೆ, ಕಂಪನಿಯು ಕಿವಾ ಎಂಬ ತಾಣದ ಮೂಲಕ ಬದಲಿಸಬೇಕು. ಹೆಸರು ಅಥವಾ ಜನ್ಮದಿನದ ತಿದ್ದುಪಡಿ ಜವಾಜಾತ್ ಎಂಬ ಪಾಸ್‌ಪೋರ್ಟ್ ಇಲಾಖೆಯ ಕಚೇರಿಯದು. ಇನ್ನೊಂದು ಎಚ್ಚರ: ಹಿಜರಿ ವರ್ಷ ನಮ್ಮ ಕ್ಯಾಲೆಂಡರಿಗಿಂತ ಸುಮಾರು 11 ದಿನ ಚಿಕ್ಕದು. ಕೊನೆಯ ದಿನಾಂಕ ಹಿಜರಿಯಲ್ಲಿದ್ದರೆ ಇಂಗ್ಲಿಷ್ ತಾರೀಖಿಗೆ ಪರಿವರ್ತಿಸಿಯೇ ನೆನಪಿಟ್ಟುಕೊಳ್ಳಿ.

ದುಬೈಯಲ್ಲಿ ನಿವಾಸಿ ವೀಸಾದ ಕಡತ ಜಿಡಿಆರ್‌ಎಫ್‌ಎ ಎಂಬ ಇಲಾಖೆಯಲ್ಲಿ, ಎಮಿರೇಟ್ಸ್ ಐಡಿ ಐಸಿಪಿ ಎಂಬ ಪ್ರಾಧಿಕಾರದಲ್ಲಿ, ಕೆಲಸದ ಕರಾರು ಕಾರ್ಮಿಕ ಸಚಿವಾಲಯದಲ್ಲಿ ಇರುತ್ತದೆ. ಒಂದು ಕಡೆ ತಿದ್ದಿಸಿ ಮುಗಿಯಿತು ಎಂದುಕೊಳ್ಳದೆ ಮೂರೂ ಕಡೆ ಹೆಸರು ಒಂದೇ ಆಯಿತೇ ಎಂದು ನೋಡಿ. ದುಬೈಯಲ್ಲಿ ವೀಸಾ ಅರ್ಜಿಗಳಿಗೆ ಆಮೆರ್ ಕೇಂದ್ರಗಳಿವೆ. ಆದರೆ ಪ್ರಾಯೋಜಕ ಕಂಪನಿ ಆಗಿರುವುದರಿಂದ ಪಿಆರ್‌ಒ ಒಪ್ಪಿ ಅರ್ಜಿ ಹಾಕಿದರೇ ಕೆಲಸ ಸಲೀಸು. ಪಿಆರ್‌ಒ "ಮುಂದಿನ ಸಲ ನೋಡೋಣ" ಎಂದರೆ ಬಾಯಿಮಾತಿಗೆ ಬಿಡದೆ ಇಮೇಲ್ ಕಳಿಸಿ. ತಪ್ಪನ್ನು ನೀವು ಇಂಥ ದಿನವೇ ಹೇಳಿದ್ದಿರಿ ಎಂಬುದಕ್ಕೆ ಆ ಇಮೇಲ್ ಒಂದೇ ಆಧಾರ.

ಅಮೆರಿಕ ಅಥವಾ ಇಂಗ್ಲೆಂಡಿನಲ್ಲಿ ಇದ್ದರೆ

ಎಚ್-1ಬಿ ಎಂಬ ಕೆಲಸದ ವೀಸಾದ ಮೂಲಕ ಅಮೆರಿಕಕ್ಕೆ ಹೋದವರಿಗೆ ಒಂದು ಸಲಕ್ಕೆ ಮೂರು ವರ್ಷದವರೆಗೆ ಅವಧಿ ಸಿಗುತ್ತದೆ. ಅಲ್ಲೇ ಇದ್ದು ಕಂಪನಿ ನವೀಕರಿಸಿದರೆ ಬರುವ ಪತ್ರದ ಹೆಸರು ಐ-797ಎ. ಅದರ ಕೆಳಭಾಗದಲ್ಲಿ ಹರಿದು ಇಟ್ಟುಕೊಳ್ಳುವ ಚೀಟಿಯೇ ಐ-94. ಪಾಸ್‌ಪೋರ್ಟಿನಲ್ಲಿರುವ ವೀಸಾ ಬಾಗಿಲವರೆಗೆ ತರುವ ಕಾಗದ ಮಾತ್ರ. ಒಳಗೆ ಎಷ್ಟು ದಿನ ಇರಬಹುದು ಎಂದು ಹೇಳುವುದು ಐ-94. ಈ ವ್ಯತ್ಯಾಸ ತಿಳಿಯದೆ ಜಾಣರೂ ಕಷ್ಟಪಟ್ಟಿದ್ದಾರೆ.

ಪತ್ರದಲ್ಲಿ ಅಕ್ಷರ ಅಥವಾ ದಿನಾಂಕ ತಪ್ಪಿದ್ದು ಅದು ವಲಸೆ ಇಲಾಖೆಯದೇ ತಪ್ಪಾದರೆ, ಆ ಇಲಾಖೆಯ, ಅಂದರೆ ಯುಎಸ್‌ಸಿಐಎಸ್‌ನ, ಜಾಲತಾಣದ ಇ-ರಿಕ್ವೆಸ್ಟ್ ವಿಭಾಗದಲ್ಲಿ ಮುದ್ರಣದೋಷ ಎಂಬುದನ್ನು ಆರಿಸಿ ಮನವಿ ಹಾಕಬಹುದು. ಅರ್ಜಿ ಕಂಪನಿಯದಾದ್ದರಿಂದ ಕಂಪನಿಯ ವಕೀಲರ ಮೂಲಕ ಹಾಕಿಸುವುದು ಒಳ್ಳೆಯದು. ಐ-94 ಬದಲಿಸಿಕೊಡಲು ಐ-102 ಎಂಬ ನಮೂನೆಯೂ ಇದೆ. ಇಲಾಖೆಯದೇ ತಪ್ಪಾದರೆ ಅದಕ್ಕೆ ಶುಲ್ಕವಿಲ್ಲ. ಕಂಪನಿಯ ಅರ್ಜಿಯಲ್ಲೇ ಕೆಲಸದ ಊರು ಅಥವಾ ಹುದ್ದೆ ತಪ್ಪಿದ್ದರೆ ಅದು ಮುದ್ರಣದೋಷವಲ್ಲ, ತಿದ್ದುಪಡಿ ಅರ್ಜಿಯನ್ನೇ ಹಾಕಬೇಕಾಗುತ್ತದೆ.

ಎಲ್ಲಕ್ಕಿಂತ ಅಪಾಯದ ತಪ್ಪು ವಿಮಾನ ನಿಲ್ದಾಣದಲ್ಲಿ ಆಗುತ್ತದೆ, ಅದು ತಪ್ಪೆಂದು ಕಾಣುವುದೂ ಇಲ್ಲ. ನವೀಕರಣ 2028ರವರೆಗೆ ಸಿಕ್ಕಿದೆ ಎನ್ನಿ. ಅಣ್ಣನ ಮದುವೆಗೆಂದು ಊರಿಗೆ ಬಂದು ತಿರುಗಿ ಹೋದಾಗ ಪಾಸ್‌ಪೋರ್ಟು 2027ಕ್ಕೆ ಮುಗಿಯುವುದಿದ್ದರೆ, ಅಲ್ಲಿನ ಅಧಿಕಾರಿ ಹೊಸ ಐ-94ನ್ನು 2027ಕ್ಕೇ ಮೊಟಕು ಮಾಡುತ್ತಾರೆ. ಕಾಗದ ಕೈಗೆ ಕೊಡುವುದಿಲ್ಲ, ಎಲ್ಲ ಕಂಪ್ಯೂಟರಿನಲ್ಲಿ. ಮನೆಯಲ್ಲಿ ಇಟ್ಟ ಪತ್ರ 2028 ಎನ್ನುತ್ತಿರುತ್ತದೆ, ಆದರೆ ಇತ್ತೀಚೆಗೆ ಕೊಟ್ಟ ಐ-94ಕ್ಕೇ ಬೆಲೆ. ಆ ದಿನಾಂಕ ದಾಟಿ 180 ದಿನಕ್ಕಿಂತ ಹೆಚ್ಚು ಉಳಿದು ಹೊರಬಂದವರಿಗೆ 3 ವರ್ಷ, ಒಂದು ವರ್ಷ ಅಥವಾ ಅದಕ್ಕೂ ಮೀರಿ ಉಳಿದವರಿಗೆ 10 ವರ್ಷ ಮರುಪ್ರವೇಶವಿಲ್ಲ. ಒಳ್ಳೆಯ ಸಂಬಳದ, ಯಾವ ಅಪರಾಧವೂ ಮಾಡದ ಮಗನೊಬ್ಬ ಇದಕ್ಕೆ ಬಲಿಯಾಗಬಾರದು. ಆದ್ದರಿಂದ ಪ್ರತಿ ಸಲ ಇಳಿದ ಮೇಲೆ ಗಡಿ ತಪಾಸಣೆಯ ಇಲಾಖೆಯಾದ ಸಿಬಿಪಿಯ ಜಾಲತಾಣದಲ್ಲಿ ಐ-94 ತೆಗೆದು ಓದಬೇಕು. ಹೆಸರು, ವರ್ಗ, ದಿನಾಂಕ ತಪ್ಪಿದ್ದರೆ ಡಿಫರ್ಡ್ ಇನ್‌ಸ್ಪೆಕ್ಷನ್ ಎಂಬ ಕಚೇರಿಗೆ ಕಾಗದಗಳ ಸಮೇತ ಹೋಗಬೇಕು. ಪಾಸ್‌ಪೋರ್ಟಿನ ಕಾರಣಕ್ಕೆ ಮೊಟಕಾಗಿದ್ದರೆ ಹೊಸ ಪಾಸ್‌ಪೋರ್ಟ್ ಮಾಡಿಸಿ ಅಲ್ಲೇ ಕೇಳಬಹುದು. ಅವರು ಒಪ್ಪದಿದ್ದರೆ ಹೊರಗೆ ಹೋಗಿ ಬರಬೇಕು ಅಥವಾ ಕಂಪನಿ ಮತ್ತೆ ಅರ್ಜಿ ಹಾಕಬೇಕು. ಇದೆಲ್ಲದಕ್ಕಿಂತ ಹೊರಡುವ ಮುಂಚೆಯೇ ಪಾಸ್‌ಪೋರ್ಟ್ ನವೀಕರಿಸುವುದು ಅಗ್ಗ. ಹೆಂಡತಿ ಮಕ್ಕಳ ಎಚ್-4 ಅರ್ಜಿ ಬೇರೆ, ಅವರ ಕೊನೆಯ ದಿನಾಂಕ ನಿಮ್ಮದಕ್ಕಿಂತ ಬೇರೆ ಇರಬಹುದು. ಮನೆಯವರೆಲ್ಲರದನ್ನೂ ನೋಡಿ.

ಪಾಸ್‌ಪೋರ್ಟಿಗೆ ಅಂಟಿಸಿದ ವೀಸಾದಲ್ಲೇ ತಪ್ಪಿದ್ದರೆ ಅದನ್ನು ಕೊಟ್ಟ ದೂತಾವಾಸಕ್ಕೇ ತಿಳಿಸಿ, ತಿದ್ದಿದ ಮೇಲೆ ಪ್ರಯಾಣ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ದೂತಾವಾಸ ಉದ್ಘಾಟನೆಯಾಯಿತು, ಆದರೆ ಆಗ ಅಲ್ಲಿ ವೀಸಾ ಸೇವೆ ಶುರುವಾಗಿರಲಿಲ್ಲ. ನಿಮ್ಮ ವೀಸಾ ಚೆನ್ನೈ, ಹೈದರಾಬಾದ್, ಮುಂಬಯಿ ಹೀಗೆ ಎಲ್ಲಿಂದ ಬಂತೋ ಅಲ್ಲಿಗೇ ಬರೆಯಿರಿ.

ಇಂಗ್ಲೆಂಡಿನಲ್ಲಿ ಬಿಆರ್‌ಪಿ ಎಂಬ ನಿವಾಸಿ ಕಾರ್ಡುಗಳ ಕಾಲ 2024ರ ಡಿಸೆಂಬರ್ 31ಕ್ಕೆ ಮುಗಿಯಿತು, ಈಗ ಇ-ವೀಸಾ. ತಪ್ಪಿದ್ದರೆ ಸರ್ಕಾರಿ ಜಾಲತಾಣದಲ್ಲೇ ದೋಷ ತಿಳಿಸುವ ಸೌಲಭ್ಯವಿದೆ. ಹೊಸ ಪಾಸ್‌ಪೋರ್ಟ್ ಬಂದ ಕೂಡಲೇ ಅದರ ಸಂಖ್ಯೆಯನ್ನು ಆ ಖಾತೆಗೆ ಜೋಡಿಸುವುದು ದಾದಿಯರು ಮರೆಯಬಾರದ ಕೆಲಸ.

ತಪ್ಪು ಪಾಸ್‌ಪೋರ್ಟಿನಲ್ಲೇ ಇದ್ದರೆ

ಊರಿನಲ್ಲಿದ್ದರೆ ಬೆಳಗಾವಿಯ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರ ಅಥವಾ ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಬೇಕು. ಎರಡೂ ಬೆಂಗಳೂರಿನ ಪ್ರಾದೇಶಿಕ ಕಚೇರಿಯ ಅಡಿಯಲ್ಲಿವೆ. ಪಾಸ್‌ಪೋರ್ಟನ್ನು ತಿದ್ದುವುದಿಲ್ಲ, ಹೊಸದನ್ನೇ ಕೊಡುತ್ತಾರೆ. ಆನ್‌ಲೈನ್ ಅರ್ಜಿಯಲ್ಲಿ ಮರುವಿತರಣೆ ಆರಿಸಿ, ಕಾರಣದ ಜಾಗದಲ್ಲಿ ವೈಯಕ್ತಿಕ ವಿವರ ಬದಲಾವಣೆ ಎಂಬುದಕ್ಕೆ ಗುರುತು ಹಾಕಬೇಕು. ದೊಡ್ಡವರಿಗೆ 36 ಪುಟದ ಪುಸ್ತಕಕ್ಕೆ 1500 ರೂಪಾಯಿ, ತತ್ಕಾಲ್ ಆದರೆ ಇನ್ನೂ 2000. ಅನುಮಾನವಿದ್ದರೆ 1800-258-1800ಕ್ಕೆ ಶುಲ್ಕವಿಲ್ಲದೆ ಕರೆ ಮಾಡಬಹುದು. ಹತ್ತನೇ ಇಯತ್ತೆ ಪಾಸಾಗಿದ್ದೂ ಪಾಸ್‌ಪೋರ್ಟಿನಲ್ಲಿ ಇಸಿಆರ್ (ಕೆಲಸಕ್ಕೆ ಹೊರದೇಶಕ್ಕೆ ಹೋಗಲು ವಲಸೆ ಅನುಮತಿ ಬೇಕು) ಎಂದಿದ್ದರೆ ಅದನ್ನೂ ಇದೇ ಅರ್ಜಿಯಲ್ಲಿ ತೆಗೆಸಿಕೊಳ್ಳಿ. ಹೊರದೇಶದಲ್ಲಿದ್ದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಇದೇ ಕೆಲಸ ಆಗುತ್ತದೆ.

ಆದರೆ ವೀಸಾ ಚಾಲ್ತಿಯಲ್ಲಿರುವಾಗ ಪಾಸ್‌ಪೋರ್ಟಿನ ಹೆಸರು ಬದಲಿಸುವ ಮುನ್ನ ಕಂಪನಿಗೆ ತಿಳಿಸಿ. ಹೊಸ ಪಾಸ್‌ಪೋರ್ಟಿನಲ್ಲಿ ಒಂದು ಹೆಸರು, ನಿವಾಸಿ ಕಾರ್ಡಿನಲ್ಲಿ ಇನ್ನೊಂದು ಆದರೆ ಇದ್ದ ಒಂದು ತಪ್ಪಿನ ಜಾಗದಲ್ಲಿ ಎರಡಾಗುತ್ತವೆ. ಹಳೆಯ ಪಾಸ್‌ಪೋರ್ಟನ್ನು ರದ್ದು ಮಾಡಿ ತಿರುಗಿ ಕೊಡುತ್ತಾರೆ. ಅದರೊಳಗೆ ಚಾಲ್ತಿ ವೀಸಾ ಇದ್ದರೆ ಜೋಪಾನ ಮಾಡಿ, ಪ್ರಯಾಣದಲ್ಲಿ ಎರಡನ್ನೂ ಒಟ್ಟಿಗೆ ಒಯ್ಯಿರಿ. ಪೆನ್ನಿನಿಂದ ಒಂದು ಗೀಟೂ ಎಳೆಯಬೇಡಿ. 1967ರ ಪಾಸ್‌ಪೋರ್ಟ್ ಕಾಯ್ದೆಯಂತೆ ಪಾಸ್‌ಪೋರ್ಟ್ ತಿದ್ದಿದವರಿಗೆ ಎರಡು ವರ್ಷದವರೆಗೆ ಜೈಲಿದೆ.

ಜನನ ಪ್ರಮಾಣಪತ್ರವೇ ಇಲ್ಲದವರು ನಮ್ಮ ಹಳ್ಳಿಗಳಲ್ಲಿ ಇನ್ನೂ ಬಹಳ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಕಾಯ್ದೆಯ ಪ್ರಕಾರ, ಒಂದು ವರ್ಷ ಮೀರಿದ ಜನನವನ್ನು ನೋಂದಾಯಿಸಲು ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಈ ನಾಲ್ಕೂ ತಾಲ್ಲೂಕಿನವರಿಗೆ ಉಪವಿಭಾಗಾಧಿಕಾರಿ ಕಚೇರಿ ಬೈಲಹೊಂಗಲದಲ್ಲೇ ಇದೆ. ನೋಂದಣಿಯಾಗಿದ್ದು ಅಕ್ಷರ ಮಾತ್ರ ತಪ್ಪಿದ್ದರೆ ನೋಂದಣಿ ಮಾಡಿದ ಕಚೇರಿಯಲ್ಲೇ ಸರಿಪಡಿಸುತ್ತಾರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯದಾದರೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಗೆ ಹೋಗಬೇಕು.

ಮನವಿ ಪತ್ರ ಮತ್ತು ಮನೆಯವರ ಪಾಲಿನ ಕೆಲಸ

ಯಾವ ದೇಶಕ್ಕೇ ಬರೆಯಲಿ, ಪತ್ರ ಒಂದು ಪುಟ ದಾಟಬಾರದು. ಏನು ಅಚ್ಚಾಗಿದೆ, ಏನು ಇರಬೇಕಿತ್ತು, ಯಾವ ದಾಖಲೆ ಅದನ್ನು ತೋರಿಸುತ್ತದೆ, ಈ ಮೂರು ಮಾತು ಸಾಕು. ಜೊತೆಗೆ ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ಹಿಂದಿನ ಸರಿಯಾದ ವೀಸಾ, ಈಗಿನ ತಪ್ಪಾದ ವೀಸಾ, ಸಲ್ಲಿಸಿದ ಅರ್ಜಿಯ ಪ್ರತಿ ಇಡಿ. ತಪ್ಪಿದ ಜಾಗಕ್ಕೆ ನಕಲು ಪ್ರತಿಯ ಮೇಲೆ ವೃತ್ತ ಹಾಕಿ, ಮೂಲದ ಮೇಲೆ ಅಲ್ಲ. ಸ್ವೀಕೃತಿ ಸಂಖ್ಯೆ ಪಡೆಯದೆ ಕೌಂಟರಿನಿಂದ ಏಳಬೇಡಿ. ತಿದ್ದಿದ ಕಾಗದ ಕೈಗೆ ಬರುವವರೆಗೆ ಆ ದೇಶ ಬಿಟ್ಟು ಹೊರಡದಿರುವುದು ಕ್ಷೇಮ. ಮನೆಯಲ್ಲಿ ಸಾವುನೋವಿನಂಥ ಅನಿವಾರ್ಯ ಬಂದರೆ ಕಂಪನಿಯ ಪತ್ರ, ಮನವಿಯ ಸ್ವೀಕೃತಿ ಎರಡನ್ನೂ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು.

ಊರಿನಲ್ಲಿರುವ ತಂದೆತಾಯಿಯರು, ಅಣ್ಣತಮ್ಮಂದಿರು ಸುಮ್ಮನೆ ಕೂರಬೇಕಿಲ್ಲ. ಪಾಸ್‌ಪೋರ್ಟ್, ವೀಸಾ ಅಥವಾ ಕಾರ್ಡಿನ ಎರಡೂ ಬದಿ, ಕರಾರು ಪತ್ರ, ಕಂಪನಿಯ ವಿಳಾಸ ಮತ್ತು ದೂರವಾಣಿ ಸಂಖ್ಯೆಯನ್ನು ಮನೆಯ ಒಬ್ಬರ ಮೊಬೈಲಿನಲ್ಲಿ ತರಿಸಿ ಇಟ್ಟುಕೊಳ್ಳಿ. ಪ್ರತಿ ನವೀಕರಣಕ್ಕೂ ಹೊಸ ಫೋಟೋ ಕೇಳಿ. ಅಲ್ಲಿರುವವರು ಕಂಪನಿಯ ಭಯಕ್ಕೆ ಬಾಯಿ ಬಿಡದಿದ್ದರೆ ಇಲ್ಲಿಂದಲೇ ದೂರು ಕೊಡುವ ದಾರಿಯಿದೆ. ವಿದೇಶಾಂಗ ಸಚಿವಾಲಯ 2015ರಲ್ಲಿ ಶುರು ಮಾಡಿದ ಮದದ್ ಜಾಲತಾಣದಲ್ಲಿ ಸಂಬಂಧಿಕರೂ ದೂರು ದಾಖಲಿಸಬಹುದು. ಅದು ಆ ದೇಶದ ಭಾರತೀಯ ರಾಯಭಾರ ಕಚೇರಿಗೆ ಹೋಗುತ್ತದೆ. ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಶುಲ್ಕರಹಿತ ಸಂಖ್ಯೆ 1800-11-3090. ಕರೆ ಮಾಡುವಾಗ ಪಾಸ್‌ಪೋರ್ಟ್ ಸಂಖ್ಯೆ, ಅಲ್ಲಿನ ಕಾರ್ಡಿನ ಸಂಖ್ಯೆ, ಕಂಪನಿಯ ಹೆಸರು ಮೂರನ್ನೂ ಬರೆದು ಮುಂದಿಟ್ಟುಕೊಳ್ಳಿ, ಅವರು ಹೇಳುವ ದೂರಿನ ಸಂಖ್ಯೆಯನ್ನು ಅದರ ಕೆಳಗೇ ಬರೆದುಕೊಳ್ಳಿ.